ಹೆಲ್ತ್‌ಕೇರ್ ಆ್ಯಡ್ ಏಜೆನ್ಸಿ ಕೆಲಸ: ಪದೇ ಪದೇ ಕೇಳೋ ಪ್ರಶ್ನೆಗಳು

ಫಾರ್ಮಸಿ ಓದ್ತಿರೋ ಹುಡುಗ್ರು, ರೆಪ್ (ಔಷಧಿ ಕಂಪನಿ ಪರವಾಗಿ ಡಾಕ್ಟರ್‌ಗಳನ್ನ ಭೇಟಿ ಮಾಡೋ ಮೆಡಿಕಲ್ ರೆಪ್ರೆಸೆಂಟೇಟಿವ್) ಕೆಲಸದಲ್ಲಿ ಬೈಕ್ ಓಡಿಸಿ ಸುಸ್ತಾದೋರು, ಸೋಪು ಬಿಸ್ಕೆಟ್ ಆ್ಯಡ್ ಬರೆದು ಬೋರಾದ ಕಾಪಿರೈಟರ್‌ಗಳು, ಜೊತೆಗೆ ಮದುವೆಮನೆ ಊಟದ ಸಾಲಲ್ಲಿ ಪಕ್ಕ ಕೂರೋ ಚಿಕ್ಕಪ್ಪ ದೊಡ್ಡಪ್ಪಂದಿರು, ಎಲ್ಲರೂ ಕೇಳೋದು ಹೆಚ್ಚುಕಮ್ಮಿ ಇವನ್ನೇ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡೋ ಬದಲು ಒಂದೇ ಕಡೆ ಹಾಕಿದೀನಿ. ನಾನು ಬೆಂಗಳೂರಲ್ಲಿ ಇಂಥದ್ದೊಂದು ಏಜೆನ್ಸಿಲಿ ಮೆಡಿಕಲ್ ಕಾಪಿ, ಅಂದ್ರೆ ಔಷಧಿ ಜಾಹೀರಾತಿನ ಬರಹ, ಬರೆಯೋನು, ಹಾಗಾಗಿ ಬರವಣಿಗೆ ಕಡೆಯಿಂದ ಕಂಡಿದ್ದೇ ಜಾಸ್ತಿ ಇದೆ, ಆರ್ಟ್ ಡಿಪಾರ್ಟ್‌ಮೆಂಟಿನೋರು ಬೈಕೋಬಾರ್ದು.

ಔಷಧಿಗೂ ಆ್ಯಡ್ ಏಜೆನ್ಸಿ ಇರತ್ತಾ? ಟಿವಿಲಿ ಬಿಪಿ ಮಾತ್ರೆ ಆ್ಯಡ್ ಒಂದಿನಾನೂ ನೋಡಿಲ್ಲವಲ್ಲ?

ನೋಡಿರಲ್ಲ, ನೋಡೋ ಹಾಗೂ ಇಲ್ಲ. ಡಾಕ್ಟರ್ ಚೀಟಿ ಇಲ್ದೆ ಕೊಡಬಾರದ ಔಷಧಿಗಳು, ಅಂದ್ರೆ ಶೆಡ್ಯೂಲ್ ಎಚ್, ಎಚ್1, ಎಕ್ಸ್ ಅಂತ ಪಟ್ಟಿ ಇದೆಯಲ್ಲ, ಅವನ್ನ ಕೇಂದ್ರ ಸರ್ಕಾರದ ಅನುಮತಿ ಇಲ್ದೆ ಸಾರ್ವಜನಿಕವಾಗಿ ಜಾಹೀರಾತು ಮಾಡೋಹಾಗಿಲ್ಲ. ಅಮೆರಿಕದಲ್ಲಿ ಟಿವಿ ಹಾಕಿದ್ರೆ ಸಾಕು ಶುಗರ್ ಮಾತ್ರೆ, ಖಿನ್ನತೆ ಮಾತ್ರೆ ಆ್ಯಡ್ ಬರ್ತಾನೇ ಇರತ್ತೆ, ಅಲ್ಲಿ ಮತ್ತು ನ್ಯೂಜಿಲೆಂಡಲ್ಲಿ ಅದು ಕಾನೂನುಬದ್ಧ, ನಮ್ಮಲ್ಲಿ ಇಲ್ಲ. ಹಾಗಾಗಿ ನಾವು ಬರೆಯೋದ್ರಲ್ಲಿ ದೊಡ್ಡ ಪಾಲು ಡಾಕ್ಟರ್ ಒಬ್ಬರೇ ಓದೋದು. ನಮ್ಮ ಅಮ್ಮನಿಗೆ ಇವತ್ತಿಗೂ ಮಗನ ಆ್ಯಡ್ ಒಂದನ್ನೂ ತೋರಿಸಕ್ಕೆ ಆಗಿಲ್ಲ.

ಇನ್ನು ಇಷ್ಟೊಂದು ಏಜೆನ್ಸಿ ಯಾಕೆ ಬೇಕು ಅಂದ್ರೆ ಅದಕ್ಕೊಂದು ಹಿನ್ನೆಲೆ ಇದೆ. ನಮ್ಮ 1970ರ ಪೇಟೆಂಟ್ ಕಾಯ್ದೆ ಔಷಧಿ ವಿಷಯದಲ್ಲಿ ತಯಾರಿಸೋ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡ್ತಿತ್ತು, ಔಷಧಿಗೇ ಕೊಡ್ತಿರ್ಲಿಲ್ಲ, ಬೇರೆ ದಾರಿಲಿ ಅದೇ ಮಾಲಿಕ್ಯೂಲ್ (ಔಷಧಿಯೊಳಗಿನ ಮೂಲ ರಾಸಾಯನಿಕ) ಮಾಡಿದ್ರೆ ಯಾರು ಬೇಕಾದ್ರೂ ಮಾರಬಹುದಿತ್ತು. ಆ ಕಾಲದಲ್ಲೇ ದೇಶದ ಕಂಪನಿಗಳು ಬೆಳೆದಿದ್ದು. 2005ರಲ್ಲಿ ಪ್ರಾಡಕ್ಟ್ ಪೇಟೆಂಟ್ ವಾಪಸ್ ಬಂತು, ಆದ್ರೆ ಅಷ್ಟರಲ್ಲಿ ಒಂದೇ ಮಾಲಿಕ್ಯೂಲಿಗೆ ಹತ್ತಾರು ಬ್ರ್ಯಾಂಡ್ ಅನ್ನೋದು ಇಲ್ಲಿನ ಮಾರ್ಕೆಟ್ಟಿನ ರೂಢಿನೇ ಆಗಿಬಿಟ್ಟಿತ್ತು. ಕೊಲೆಸ್ಟ್ರಾಲಿಗೆ ಕೊಡೋ ಅಟೋರ್ವಾಸ್ಟಾಟಿನ್ ತಗೊಳ್ಳಿ, ಒಳಗಿರೋದು ಎಲ್ಲದ್ರಲ್ಲೂ ಒಂದೇ, ಮಾತ್ರೆ ಸ್ಟ್ರಿಪ್ ಮೇಲಿನ ಹೆಸರು ಮಾತ್ರ ಬೇರೆ. ಡಾಕ್ಟರ್ ಪೆನ್ನು ತೆಗೆದಾಗ ಯಾವ ಹೆಸರು ನೆನಪಾಗಬೇಕು ಅನ್ನೋದಕ್ಕೇ ಈ ಉದ್ಯಮ ನಡೀತಿರೋದು.

ಇದಲ್ದೆ ಚೀಟಿ ಇಲ್ದೆ ಸಿಗೋ ಬಾಮು, ಆ್ಯಂಟಾಸಿಡ್, ವಿಟಮಿನ್, ಆಮೇಲೆ ಆಸ್ಪತ್ರೆ, ಲ್ಯಾಬ್, ಗ್ಲುಕೋಮೀಟರ್ ಥರದ ಸಾಮಾನು, ಸರ್ಕಾರದ ಲಸಿಕೆ ಅಭಿಯಾನ, ಇವೂ ಬರ್ತವೆ. ಅವನ್ನ ಮನೇಲಿ ತೋರಿಸಬಹುದು.

ದಿನಾ ಮಾಡೋ ಕೆಲಸ ಏನು?

ಮೊದಲನೇದು ವಿಷುಯಲ್ ಏಡ್. ರೆಪ್‌ಗಳು ಡಾಕ್ಟರ್ ಮುಂದೆ ಬಿಚ್ಚಿ ತೋರಿಸ್ತಾರಲ್ಲ ಆ ದೊಡ್ಡ ಬಣ್ಣದ ಪುಸ್ತಕ, ಈಗ ಎಷ್ಟೋ ಕಂಪನಿಲಿ ಅದು ಟ್ಯಾಬ್ ಒಳಗೆ ಹೋಗಿದೆ. ಎರಡನೇದು ಎಲ್‌ಬಿಎಲ್, ಡಾಕ್ಟರ್ ಟೇಬಲ್ ಮೇಲೆ ಬಿಟ್ಟು ಬರೋ ಒಂದು ಹಾಳೆ. ಆಮೇಲೆ ಕಾನ್ಫರೆನ್ಸ್ ಸ್ಟಾಲ್ ಡಿಸೈನ್, ಸಿಎಂಇಗೆ (ಡಾಕ್ಟರ್‌ಗಳ ಮುಂದುವರಿದ ಕಲಿಕೆಯ ಕಾರ್ಯಕ್ರಮ) ಸ್ಲೈಡ್, ಮಾತ್ರೆ ದೇಹದೊಳಗೆ ಹೋಗಿ ಏನು ಮಾಡತ್ತೆ ಅಂತ ತೋರಿಸೋ ಆ್ಯನಿಮೇಷನ್, ರೆಪ್‌ಗಳಿಗೆ ಟ್ರೈನಿಂಗ್ ಪುಸ್ತಕ, ಪೇಷೆಂಟ್ ಲೀಫ್‌ಲೆಟ್, ವಾಟ್ಸ್ಯಾಪಲ್ಲಿ ಕಳಿಸೋ ಡಾಕ್ಟರ್ಸ್ ಡೇ ಶುಭಾಶಯ. ನಗಬೇಡಿ, ಜುಲೈ 1ಕ್ಕೆ ಮುಂಚಿನ ವಾರ ಪೂರ್ತಿ ಅದೇ ಕೆಲಸ ಇರತ್ತೆ.

ಹೊಸಬರು ಸೇರಿದ ತಕ್ಷಣ ನಾನು ಹೇಳೋದು ಒಂದೇ, ಒಂದಿನ ರೆಪ್ ಜೊತೆ ಫೀಲ್ಡಿಗೆ ಹೋಗಿ ಬನ್ನಿ ಅಂತ. ಆಫೀಸಲ್ಲಿ ಕೂತು ಎರಡು ವಾರ ಜಗಳ ಆಡಿ ಮಾಡಿದ ಎಂಟು ಪುಟದ ವಿಷುಯಲ್ ಏಡ್ ಕ್ಲಿನಿಕ್ಕಲ್ಲಿ ಏನಾಗತ್ತೆ ಅಂತ ಆವಾಗ ಗೊತ್ತಾಗತ್ತೆ. ಹೊರಗಡೆ ಬೆಂಚು ತುಂಬ ಪೇಷೆಂಟು, ಟೋಕನ್ ಕರೆಯೋ ಹುಡುಗಿ ರೆಪ್‌ನ ಮುಖ ನೋಡಿ ಕೊನೇಲಿ ಬನ್ನಿ ಸರ್ ಅಂತಾಳೆ, ರಾತ್ರಿ ಒಂಬತ್ತಕ್ಕೆ ಒಳಗೆ ಬಿಟ್ರೆ ಡಾಕ್ಟರ್ ಹಿಂದಿನ ಪೇಷೆಂಟಿನ ಚೀಟಿ ಬರೀತಾನೇ "ಹ್ಞೂಂ ಹೇಳಿ" ಅಂತಾರೆ, ರೆಪ್ ಪುಸ್ತಕವನ್ನ ಡಾಕ್ಟರ್ ಕಡೆ ತಿರುಗಿಸಿ ಹಿಡಿದಿರ್ತಾನೆ, ಅಂದ್ರೆ ಅವನಿಗೆ ಅದು ಕಾಣೋದೇ ತಲೆಕೆಳಗೆ, ಎಲ್ಲಾ ಬಾಯಿಪಾಠ, ಪೆನ್ನಿನ ತುದಿ ಇಟ್ಟು ಒಂದು ಹೆಡ್‌ಲೈನು ಒಂದು ಗ್ರಾಫು ತೋರಿಸೋ ಹೊತ್ತಿಗೆ ಟೈಮ್ ಮುಗೀತು. ಇನ್ನೂ ನಾಲ್ಕು ಬ್ರ್ಯಾಂಡ್ ಬೇರೆ ಹೇಳಬೇಕು ಅವನು. ಇದನ್ನ ಕಣ್ಣಾರೆ ನೋಡಿದೋರು ಆಮೇಲೆ ಉದ್ದುದ್ದ ಬರೆಯಲ್ಲ, ಪೆನ್ನು ಇಡೋ ಜಾಗದಲ್ಲಿ ಚಿತ್ರ ತುರುಕಲ್ಲ.

ಏಜೆನ್ಸಿಲಿ ಯಾರ್ಯಾರು ಇರ್ತಾರೆ?

ಕ್ಲೈಂಟ್ ಸರ್ವಿಸಿಂಗ್, ಕಾಪಿ, ಆರ್ಟ್, ಸ್ಟುಡಿಯೋ, ಡಿಜಿಟಲ್, ಇದು ಎಲ್ಲಾ ಕಡೆ ಇದ್ದಂಗೇ. ಹೆಚ್ಚಿಗೆ ಇರೋದು ಮೆಡಿಕಲ್ ಟೀಮು, ಫಾರ್ಮ್‌ಡಿ, ಬಿಡಿಎಸ್, ಎಂಎಸ್ಸಿ ಮಾಡಿದೋರು, ಕೆಲವು ಕಡೆ ಎಂಬಿಬಿಎಸ್ ಆದೋರೂ ಇರ್ತಾರೆ. ಆಕಡೆ ಕ್ಲೈಂಟ್ ಅಂದ್ರೆ ಬಹುತೇಕ ಪ್ರಾಡಕ್ಟ್ ಮ್ಯಾನೇಜರ್, ಔಷಧಿ ಕಂಪನಿಲಿ ಬ್ರ್ಯಾಂಡ್ ನೋಡ್ಕೊಳ್ಳೋರು. ಅವರಲ್ಲಿ ಎಷ್ಟೋ ಜನ ರೆಪ್ ಆಗಿದ್ದು ಮೇಲೆ ಬಂದೋರು, ಡಾಕ್ಟರ್ ಹೇಗೆ ಯೋಚನೆ ಮಾಡ್ತಾರೆ ಅನ್ನೋದು ನಮಗಿಂತ ಚೆನ್ನಾಗಿ ಗೊತ್ತಿರತ್ತೆ, ಸುಮ್ಮನೆ ವಾದ ಮಾಡೋಕೆ ಹೋಗಬೇಡಿ.

ಏನು ಬರೀಬಹುದು, ಏನು ಬರೀಬಾರದು?

ಈ ಕೆಲಸದ ಮುಕ್ಕಾಲು ಭಾಗ ಇದೇ. ಸೋಪಿನ ಆ್ಯಡಲ್ಲಿ ನೆಂಬರ್ ಒನ್, ಅದ್ಭುತ, ಹೊಚ್ಚ ಹೊಸದು ಅಂತ ಹಾಕಿ ಮನೆಗೆ ಹೋಗಬಹುದು. ಇಲ್ಲಿ 2024ರ ಮಾರ್ಚಲ್ಲಿ ಬಂದ ಫಾರ್ಮಾ ಮಾರ್ಕೆಟಿಂಗ್ ಸಂಹಿತೆ ಇದೆ, ಯುಸಿಪಿಎಂಪಿ ಅಂತಾರೆ. 2015ರಿಂದಲೂ ಒಂದು ಸಂಹಿತೆ ಇತ್ತು, ಅದನ್ನೇ ಬಿಗಿ ಮಾಡಿದ್ದು. ಅದರ ಪ್ರಕಾರ ಔಷಧಿ "ಸುರಕ್ಷಿತ" ಅಂತ ಸುಮ್ಮನೆ ಬರೆಯೋಹಾಗಿಲ್ಲ, ಜೊತೆಗೆ ತಕ್ಕ ವಿವರಣೆ ಇರಬೇಕು. ಸೈಡ್ ಎಫೆಕ್ಟೇ ಇಲ್ಲ ಅಂತ ಬರೆಯೋಹಾಗಿಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ದಿನದಿಂದ ದೇಶದಲ್ಲಿ ಸಿಗ್ತಿರೋ ಔಷಧಿಗೆ "ಹೊಸದು" ಅಂತ ಹಾಕೋಹಾಗಿಲ್ಲ. ಕಾಪಿರೈಟರಿಗೆ ಪ್ರಾಣವಾದ ಎರಡು ಪದ ಅಲ್ಲಿಗೇ ಹೋಯ್ತು.

ಸಾಮಾನ್ಯ ಜನರ ಕಡೆ ಹೋಗೋ ಜಾಹೀರಾತಿಗೆ ಇನ್ನೂ ಹಳೇ ಕಾಯ್ದೆ ಇದೆ, 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಆ್ಯಕ್ಟ್. ಅದರಲ್ಲಿ ಕಾಯಿಲೆಗಳ ಪಟ್ಟಿನೇ ಕೊಟ್ಟಿದಾರೆ, ಸಕ್ಕರೆ ಕಾಯಿಲೆ, ಕ್ಯಾನ್ಸರ್, ಬಿಪಿ, ಮೂರ್ಛೆ ರೋಗ, ಬೊಜ್ಜು, ಎತ್ತರ ಹೆಚ್ಚಿಸೋದು, ಹೀಗೆ 54. ಇವನ್ನ ವಾಸಿ ಮಾಡ್ತೀವಿ ಅಂತ ಜನರಿಗೆ ಜಾಹೀರಾತು ಕೊಟ್ರೆ ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. "ಹಾಗಾದ್ರೆ ಬಸ್‌ಸ್ಟ್ಯಾಂಡ್ ಗೋಡೆ ತುಂಬ, ಆಟೋ ಹಿಂದೆ ಎಲ್ಲಾ ಇರೋದೇನು" ಅಂತ ಕೇಳ್ತೀರ ಅಂತ ಗೊತ್ತು. ಕಾಯ್ದೆ ಇದೆ, ಗೋಡೆನೂ ಇದೆ, ಮಧ್ಯೆ ಹೋಗಿ ಹಿಡಿಯೋರು ಕಮ್ಮಿ. 2024ರಲ್ಲಿ ದಾರಿ ತಪ್ಪಿಸೋ ಜಾಹೀರಾತಿನ ಕೇಸಲ್ಲಿ ಸುಪ್ರೀಂ ಕೋರ್ಟ್ ಖಡಕ್ಕಾಗಿ ಮಾತಾಡಿದ ಮೇಲೆ, ಜಾಹೀರಾತಲ್ಲಿ ಸುಳ್ಳಿಲ್ಲ ಅಂತ ಜಾಹೀರಾತುದಾರರು ಸ್ವಯಂ ಘೋಷಣೆ ಅಪ್‌ಲೋಡ್ ಮಾಡೋ ಪದ್ಧತಿ ಬಂತು, ಆಮೇಲೆ ಅದನ್ನ ಆಹಾರ ಮತ್ತು ಆರೋಗ್ಯ ಕ್ಷೇತ್ರಕ್ಕೆ ಸೀಮಿತ ಮಾಡಿದ್ರು. ಆ ಒಂದು ತಿಂಗಳು ನಮ್ಮ ಕ್ಲೈಂಟ್ ಸರ್ವಿಸಿಂಗಿನೋರು ಕಣ್ಣಿಗೆ ಬಿದ್ದಿಲ್ಲ.

ಇನ್ನೊಂದಿಷ್ಟು ಅಲ್ಲಲ್ಲೇ ನೆನಪಿಟ್ಕೋಬೇಕಾದ್ದು: ಸ್ಕ್ಯಾನಿಂಗ್ ಸೆಂಟರ್ ಬ್ರೋಷರಲ್ಲಿ ಹೊಟ್ಟೇಲಿರೋ ಮಗು ಗಂಡೋ ಹೆಣ್ಣೋ ಅನ್ನೋದರ ಸುಳಿವು ಕೂಡ ಇರಬಾರದು, 1994ರ ಪಿಸಿಪಿಎನ್‌ಡಿಟಿ ಕಾಯ್ದೆಲಿ ಅದಕ್ಕೆ ಮೂರು ವರ್ಷದವರೆಗೆ ಜೈಲಿದೆ. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಫೀಡಿಂಗ್ ಬಾಟಲಿ, ಇವಕ್ಕೆ 1992ರ ಕಾಯ್ದೆ ಪ್ರಕಾರ ಜಾಹೀರಾತೇ ಇಲ್ಲ. ನಮ್ಮಲ್ಲಿ ಹೊಸ ಡಿಸೈನರ್ ಯಾರಾದ್ರೂ ಪೀಡಿಯಾಟ್ರಿಕ್ ಪೋಸ್ಟರಿಗೆ ಬಾಟಲಿ ಹಿಡಿದ ಮುದ್ದು ಮಗು ಫೋಟೋ ತಂದ್ರೆ ನಾಲ್ಕು ಜನ ಒಟ್ಟಿಗೇ ಬೇಡ ಅಂತೀವಿ.

ಪುಟದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇರೋದೇನು? ಯಾರಾದ್ರೂ ಓದ್ತಾರಾ?

ರೆಫರೆನ್ಸು. ಮೇಲಿನ ಪ್ರತಿ ಮಾತಿಗೂ ಒಂದು ನಂಬರು, ಆ ನಂಬರಿಗೆ ಕೆಳಗೆ ಯಾವ ಜರ್ನಲ್, ಯಾವ ವರ್ಷ, ಯಾವ ಪುಟ. ಬಹಳ ಡಾಕ್ಟರ್‌ಗಳು ಓದಲ್ಲ, ಆದ್ರೆ ಓದೋ ಒಬ್ಬರು ಸಿಕ್ಕಿದ್ರೆ ರೆಪ್ ಕಥೆ ಮುಗೀತು, ಮೆಡಿಕಲ್ ಕಾಲೇಜಿನ ಪ್ರೊಫೆಸರ್‌ಗಳು ಸ್ಟಾಲಿಗೆ ಬಂದು ಆ ಪೇಪರ್ ನಾನೇ ಓದಿದೀನಿ, ಅದರಲ್ಲಿ ಹೀಗೆ ಹೇಳೇ ಇಲ್ಲ ಅಂತ ನಿಂತಲ್ಲೇ ಕೇಳ್ತಾರೆ.

ನನ್ನ ಕೇಳಿದ್ರೆ ಒಬ್ಬ ಮೆಡಿಕಲ್ ರೈಟರ್ ಒಳ್ಳೆಯವನೋ ಅಲ್ವೋ ಅನ್ನೋದು ಇಲ್ಲೇ ಗೊತ್ತಾಗೋದು, ಹೆಡ್‌ಲೈನಲ್ಲಲ್ಲ. ಒಂದು ಉದಾಹರಣೆ ಹೇಳ್ತೀನಿ, ಲೆಕ್ಕ ನಾನು ಹಾಕಿದ್ದು, ನಿಜವಾದ ಔಷಧಿದಲ್ಲ. ಮಾತ್ರೆ ತಗೊಳ್ಳದ 100 ಜನರಲ್ಲಿ 2 ಜನಕ್ಕೆ ಹಾರ್ಟ್ ಅಟ್ಯಾಕ್ ಆಯ್ತು, ತಗೊಂಡ 100 ಜನರಲ್ಲಿ 1ಕ್ಕೆ ಆಯ್ತು ಅಂತಿಟ್ಕೊಳ್ಳಿ. ಇದನ್ನ "ಅಪಾಯ 50% ಕಡಿಮೆ" ಅಂತ ಬರೀಬಹುದು, ಸುಳ್ಳಲ್ಲ, ಎರಡರಲ್ಲಿ ಒಂದು ಹೋಯ್ತಲ್ಲ. "100 ಜನ ಮಾತ್ರೆ ತಗೊಂಡ್ರೆ ಒಬ್ಬರಿಗೆ ಉಪಯೋಗ" ಅಂತಲೂ ಬರೀಬಹುದು, ಅದೂ ಸುಳ್ಳಲ್ಲ. ಪ್ರಾಡಕ್ಟ್ ಮ್ಯಾನೇಜರಿಗೆ ಯಾವುದು ಇಷ್ಟ ಅಂತ ಹೇಳಬೇಕಾಗಿಲ್ಲ. ನಾವು ಮಾಡೋದು ಏನಂದ್ರೆ 50% ಹಾಕಿದ್ರೆ ಪಕ್ಕದಲ್ಲೇ, ಕಾಣೋ ಸೈಜಲ್ಲಿ, 2ರಿಂದ 1ಕ್ಕೆ ಅನ್ನೋ ಮೂಲ ಲೆಕ್ಕಾನೂ ಹಾಕಬೇಕು ಅಂತ ಹಟ ಹಿಡಿಯೋದು. ಕೆಲವು ಸಲ ಗೆಲ್ತೀವಿ, ಕೆಲವು ಸಲ ಅದು ಇರುವೆ ಸಾಲಿಗೆ ಹೋಗತ್ತೆ.

ಗ್ರಾಫ್ ಕೂಡ ಹಾಗೇ. ಎಡಗಡೆ ಗೆರೆ ಸೊನ್ನೆಯಿಂದ ಶುರು ಮಾಡದೆ 90ರಿಂದ ಶುರು ಮಾಡಿದ್ರೆ 92ಕ್ಕೂ 96ಕ್ಕೂ ಇರೋ ವ್ಯತ್ಯಾಸ ಮೂರು ಪಟ್ಟು ಇದ್ದಂಗೆ ಕಾಣತ್ತೆ, ಕಂಬದ ಎತ್ತರ ನೋಡಿ ಬೇಕಾದ್ರೆ. ಇಲಿ ಮೇಲೆ ಮಾಡಿದ ಪ್ರಯೋಗದ ರಿಸಲ್ಟನ್ನ ಮನುಷ್ಯರ ಚಿತ್ರದ ಪಕ್ಕ ಇಡೋದು, ಪೂರ್ತಿ ಪೇಪರ್ ಓದದೆ ಮೇಲಿನ ಸಾರಾಂಶ ನೋಡಿ ಬರೆಯೋದು, ಇವೆಲ್ಲ ಹೊಸಬರ ಕಾಪಿಲಿ ಮೊದಲು ಹುಡುಕೋ ವಿಷಯಗಳು. ಡಾಕ್ಟರ್ ಆಗಿರೋರು ಯಾರಾದ್ರೂ ಇದನ್ನ ಓದ್ತಿದ್ರೆ, ನಾಳೆ ರೆಪ್ ಬಂದಾಗ ಎಡಗಡೆ ಗೆರೆ ಎಲ್ಲಿಂದ ಶುರುವಾಗಿದೆ ನೋಡಿ ಸರ್.

ಒಂದು ಪುಟಕ್ಕೆ ಅಪ್ರೂವಲ್ ಬರೋಕೆ ಯಾಕೆ ಅಷ್ಟು ದಿನ?

ಪ್ರಾಡಕ್ಟ್ ಮ್ಯಾನೇಜರ್ ಓಕೆ ಅಂದ್ರೆ ಆಗಲ್ಲ. ಅಲ್ಲಿಂದ ಕಂಪನಿಯ ಮೆಡಿಕಲ್, ಲೀಗಲ್, ರೆಗ್ಯುಲೇಟರಿ ಮೂರೂ ಕಡೆ ಹೋಗಬೇಕು. ಮೆಡಿಕಲ್‌ನೋರು ಒಂದು ಪದ ಸೇರಿಸ್ತಾರೆ, ಲೀಗಲ್‌ನೋರು ಅದನ್ನ ತೆಗೀತಾರೆ, ರೆಗ್ಯುಲೇಟರಿನೋರು ಪ್ಯಾಕಲ್ಲಿ ಇದ್ದಂಗೇ ಇರ್ಲಿ ಅಂತಾರೆ, ಪಿಡಿಎಫ್ ತುಂಬ ಹಳದಿ ಗುರುತು ತುಂಬಿ ವಾಪಸ್ ಬರತ್ತೆ. ಫೈಲ್ ಹೆಸರಿನ ಕೊನೇಲಿ "ಫೈನಲ್ ಫೈನಲ್ 7" ಅಂತ ಇದ್ರೆ ಇನ್ನೂ ಮೂರು ಸುತ್ತು ಬಾಕಿ ಇದೆ ಅಂತ ಅರ್ಥ. ಎಲ್ಲಾ ಮುಗಿದ ಮೇಲೆ ಒಂದು ಕೋಡ್ ನಂಬರ್, ಎಷ್ಟು ದಿನ ಬಳಸಬಹುದು ಅನ್ನೋ ತಾರೀಖು, ಇವನ್ನ ಮೂಲೇಲಿ ಹಾಕಿ ಪ್ರಿಂಟಿಗೆ ಕಳಿಸ್ತೀವಿ.

ಡಾಕ್ಟರ್‌ಗೆ ಗಿಫ್ಟು, ಫಾರಿನ್ ಟೂರು ಎಲ್ಲಾ ಪ್ಲ್ಯಾನ್ ಮಾಡೋದು ನೀವೇನಾ?

ಚಿಕ್ಕಪ್ಪಂದಿರ ಪ್ರಶ್ನೆ ಇದು. ಅಲ್ಲ. ಡಾಕ್ಟರ್‌ಗಳು ಕಂಪನಿಯಿಂದ ಗಿಫ್ಟು, ಪ್ರಯಾಣ ಎಲ್ಲಾ ತಗೋಬಾರದು ಅಂತ ವೈದ್ಯಕೀಯ ಮಂಡಳಿ ನಿಯಮ 2009ರಲ್ಲೇ ಬಂತು. ಕಂಪನಿಗಳು ಅಂಥ ಖರ್ಚನ್ನ ತೆರಿಗೆ ಲೆಕ್ಕದಲ್ಲಿ ಕಳೀಬಾರದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಸಂಹಿತೆ ಪ್ರಕಾರ ಮಾಹಿತಿಗೆ, ಕಲಿಕೆಗೆ ಅಂತ ಕೊಡೋ ವಸ್ತು ಒಂದೊಂದೂ 1000 ರೂಪಾಯಿ ದಾಟಬಾರದು. ಫ್ರೀ ಸ್ಯಾಂಪಲ್ ಒಬ್ಬ ಡಾಕ್ಟರಿಗೆ ಒಂದು ಔಷಧಿದು ವರ್ಷಕ್ಕೆ 12 ಪ್ಯಾಕು, ಒಂದೊಂದರಲ್ಲೂ ಮೂರು ಪೇಷೆಂಟಿಗೆ ಸಾಕಾಗೋದಕ್ಕಿಂತ ಜಾಸ್ತಿ ಇರಬಾರದು. ನಮಗೆ ಬರೋದು ಅನಾಟಮಿ ಚಾರ್ಟು, ಡೋಸೇಜ್ ಕಾರ್ಡು, ಬಿಎಂಐ ಲೆಕ್ಕದ ಚಕ್ರ, ಇಂಥವನ್ನ ಡಿಸೈನ್ ಮಾಡೋ ಕೆಲಸ. ಬೇರೆ ದಾರಿ ನಡೆಯೋದೇ ಇಲ್ಲ ಅಂತ ನಾನು ಹೇಳ್ತಿಲ್ಲ, ಅದು ಏಜೆನ್ಸಿ ಬಾಗಿಲಿಗೆ ಬರಲ್ಲ ಅಷ್ಟೇ.

ಮಾತ್ರೆಗಳಿಗೆ ವಿಚಿತ್ರ ಹೆಸರು ಇಡೋದು ನೀವಾ?

ಕೆಲವಕ್ಕೆ ನಾವೇ. ಇನ್ನೂರು ಹೆಸರು ಕೊಟ್ರೆ ಟ್ರೇಡ್‌ಮಾರ್ಕ್ ಹುಡುಕಾಟದಲ್ಲಿ ನೂರತೊಂಬತ್ತು ಬಿದ್ದುಹೋಗತ್ತೆ. ಉಳಿದಿದ್ರಲ್ಲಿ ನೋಡಬೇಕಾದ ಮುಖ್ಯ ವಿಷಯ, ಡಾಕ್ಟರ್ ಕೈಬರಹದಲ್ಲಿ ಅದು ಇನ್ನೊಂದು ಮಾತ್ರೆ ಥರ ಕಾಣತ್ತಾ, ಫೋನಲ್ಲಿ ಹೇಳಿದ್ರೆ ಇನ್ನೊಂದರ ಥರ ಕೇಳತ್ತಾ ಅನ್ನೋದು. 2001ರಲ್ಲಿ ಫಾಲ್ಸಿಗೋ ಮತ್ತು ಫಾಲ್ಸಿಟ್ಯಾಬ್ ಅನ್ನೋ ಎರಡು ಮಲೇರಿಯಾ ಔಷಧಿ ಹೆಸರಿನ ಜಗಳ ಸುಪ್ರೀಂ ಕೋರ್ಟಿಗೆ ಹೋಗಿತ್ತು, ಔಷಧಿ ಹೆಸರಲ್ಲಿ ಗೊಂದಲ ಆದ್ರೆ ಪ್ರಾಣಕ್ಕೇ ಕುತ್ತು, ಹಾಗಾಗಿ ಬೇರೆ ಸಾಮಾನಿಗಿಂತ ಕಟ್ಟುನಿಟ್ಟಾಗಿ ನೋಡಬೇಕು ಅಂತ ಕೋರ್ಟ್ ಹೇಳಿತು. ನಾವು ಹೆಸರಿನ ಪಟ್ಟಿನ ಅಕ್ಷರ ಕೆಟ್ಟದಾಗಿರೋ ಸಹೋದ್ಯೋಗಿ ಕೈಲಿ ಬರೆಸಿ, ಗಲ್ಲಿ ಮೆಡಿಕಲ್ ಶಾಪಿನ ಹುಡುಗನಿಗೆ ಓದೋಕೆ ಕೊಡ್ತೀವಿ. ಅವನು ಎರಡು ಸಲ ತಡವರಿಸಿದ್ರೆ ಆ ಹೆಸರು ಕ್ಯಾನ್ಸಲ್.

ಆಸ್ಪತ್ರೆ ಹೋರ್ಡಿಂಗು, ಡಾಕ್ಟರ್ ರೀಲ್ಸು ಇವೆಲ್ಲ ಮಾಡಬಹುದಾ?

ಆಸ್ಪತ್ರೆ ಜಾಹೀರಾತು ಕೊಡಬಹುದು. ಆದ್ರೆ ಡಾಕ್ಟರ್ ಒಬ್ಬರೇ ನನ್ನ ಹತ್ರ ಬನ್ನಿ ಅಂತ ಪೇಷೆಂಟ್ ಕರೆಯೋ ಹಾಗಿಲ್ಲ, ವೈದ್ಯಕೀಯ ಮಂಡಳಿಯ 2002ರ ನಿಯಮ. ಕ್ಲಿನಿಕ್ ಶುರು ಮಾಡಿದ್ದು, ವಿಳಾಸ ಬದಲಾಗಿದ್ದು, ಇಂಥ ಪ್ರಕಟಣೆ ಕೊಡಬಹುದು ಅಷ್ಟೇ. ಔಷಧಿಗೆ ಅಥವಾ ಕಂಪನಿ ಪ್ರಾಡಕ್ಟಿಗೆ ಡಾಕ್ಟರ್ ಬಹಿರಂಗವಾಗಿ ಸರ್ಟಿಫಿಕೇಟ್ ಕೊಡೋಹಾಗೂ ಇಲ್ಲ. ರೀಲ್ಸ್ ವಿಷಯದಲ್ಲಿ ಕಾಯಿಲೆ ಬಗ್ಗೆ ತಿಳಿಸೋದು ಓಕೆ, ಕೊನೇಲಿ ಫೋನ್ ನಂಬರ್ ಹಾಕಿ ಆಫರ್ ಕೊಡೋದು ಓಕೆ ಅಲ್ಲ. ಇನ್‌ಫ್ಲುಯೆನ್ಸರ್‌ಗಳು ಆರೋಗ್ಯದ ಬಗ್ಗೆ ಭರವಸೆ ಕೊಡೋ ಮಾತಾಡೋದಾದ್ರೆ ಅದಕ್ಕೆ ತಕ್ಕ ಓದು ಇರಬೇಕು, ಅದೇನು ಅಂತ ಹೇಳಲೂಬೇಕು ಅಂತ ಜಾಹೀರಾತು ಮಾನಕ ಮಂಡಳಿ ಆಸ್ಕಿ 2023ರಲ್ಲಿ ಮಾರ್ಗಸೂಚಿ ಹಾಕಿತು. ಒಂದು ಫರ್ಟಿಲಿಟಿ ಕ್ಲಿನಿಕ್ ನಮ್ಮ ಹತ್ರ "ನೂರಕ್ಕೆ ನೂರು ಗ್ಯಾರಂಟಿ ಮಗು" ಅಂತ ಹಾಕಿಕೊಡಿ ಅಂತ ಬಂದಿತ್ತು, ಆಗಲ್ಲ ಅಂದ್ವಿ, ಬೇರೆ ಕಡೆ ಮಾಡಿಸ್ಕೊಂಡ್ರು, ಅಡ್ವಾನ್ಸ್ ಕೊಟ್ಟಿದ್ದನ್ನ ವಾಪಸ್ ಕೇಳಿ ಇಪ್ಪತ್ತು ಮೇಲ್ ಹಾಕಿದ್ರು.

ಕನ್ನಡದಲ್ಲಿ ಬರೆಯೋ ಕೆಲಸ ಇರತ್ತಾ?

ಇರತ್ತೆ, ಪೇಷೆಂಟ್ ಲೀಫ್‌ಲೆಟ್ ಮತ್ತು ಆಸ್ಪತ್ರೆ ಬೋರ್ಡುಗಳಲ್ಲಿ, ಮತ್ತೆ ನನಗೆ ತುಂಬ ಇಷ್ಟದ ಕೆಲಸ ಅದೇ. ಡಾಕ್ಟರ್‌ಗೆ ಬರೆದಿದ್ದು ಮಾರಾಟಕ್ಕೆ, ಪೇಷೆಂಟಿಗೆ ಬರೆದಿದ್ದು ಬಳಕೆಗೆ.

ಉದಾಹರಣೆಗೆ ಇನ್ಹೇಲರ್ ಬಳಸೋದು ಹೇಗೆ ಅನ್ನೋ ಹಾಳೆ. ಮುಚ್ಚಳ ತೆಗೀರಿ, ಚೆನ್ನಾಗಿ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಗೆ ಬಿಡಿ, ತುಟಿಯಿಂದ ಬಿಗಿಯಾಗಿ ಹಿಡೀರಿ, ನಿಧಾನವಾಗಿ ಉಸಿರು ಒಳಗೆಳೆಯೋಕೆ ಶುರು ಮಾಡ್ತಿದ್ದಂಗೆ ಒತ್ತಿ, ಹತ್ತು ಸೆಕೆಂಡು ಹಿಡ್ಕೊಳ್ಳಿ, ಸ್ಟೀರಾಯ್ಡ್ ಇರೋದಾದ್ರೆ ಆಮೇಲೆ ಬಾಯಿ ಮುಕ್ಕಳಿಸಿ ಉಗೀರಿ. ಓದೋಕೆ ಸಲೀಸು. ನಾವು ಇಂಥ ಹಾಳೆನ ಪ್ರಿಂಟಿಗೆ ಮುಂಚೆ ಈ ವಿಷಯ ಗೊತ್ತೇ ಇಲ್ಲದೋರ ಕೈಗೆ ಕೊಟ್ಟು ಖಾಲಿ ಇನ್ಹೇಲರ್ ಜೊತೆ ಮಾಡಿಸಿ ನೋಡ್ತೀವಿ. ಆಫೀಸ್ ಹೌಸ್‌ಕೀಪಿಂಗ್ ರತ್ನಕ್ಕನಿಗೆ (ಹೆಸರು ಬದಲಾಯಿಸಿದೀನಿ) ಒಂದು ಸಲ ಕೊಟ್ಟಾಗ ಮುಚ್ಚಳ ಸಮೇತ ಬಾಯಿಗಿಟ್ಕೊಂಡ್ರು, ಯಾಕಂದ್ರೆ ಆರ್ಟಿಸ್ಟ್ ಬರೆದ ಮೊದಲ ಚಿತ್ರದಲ್ಲಿ ಮುಚ್ಚಳನೇ ಇರ್ಲಿಲ್ಲ, ಬರಹ ಮಾತ್ರ ಇತ್ತು, ಅವರು ಚಿತ್ರ ನೋಡ್ತಿದ್ರು. "ಇದರಲ್ಲಿ ತೆಗೆಯೋದು ಎಲ್ಲಿ ತೋರ್ಸಿದೀರಪ್ಪ?" ಅಂತ ಕೇಳಿದ್ರು. ಆಮೇಲೆ ಮುಚ್ಚಳ ಎಳೀತಿರೋ ಎರಡು ಬೆರಳನ್ನೇ ದೊಡ್ಡದಾಗಿ ಬರೆಸಿದ್ವಿ. ಕಂಪನಿಯ ಮೂರು ಡಿಪಾರ್ಟ್‌ಮೆಂಟಿಗೆ ಕಾಣದ್ದು ಅವರಿಗೆ ಕಂಡಿತ್ತು.

ಥೈರಾಯ್ಡ್ ಮಾತ್ರೆದು ಇನ್ನೊಂದು ಥರ. ಖಾಲಿ ಹೊಟ್ಟೆಲಿ, ನೀರಲ್ಲಿ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ತಗೋಬೇಕು. ಆದ್ರೆ ನಮ್ಮ ಕಡೆ ಕಾಫಿ ಕುಡಿದ ಹೊಟ್ಟೆ ಖಾಲಿ ಹೊಟ್ಟೆನೇ, ಎದ್ದ ತಕ್ಷಣ ಒಂದು ಲೋಟ ಕಾಫಿ ಲೆಕ್ಕಕ್ಕೇ ಬರಲ್ಲ, ಕಾಫಿ ಆ ಮಾತ್ರೆ ಮೈಗೆ ಹತ್ತೋದನ್ನ ಕಮ್ಮಿ ಮಾಡತ್ತೆ. ಮುಂಬೈಯಿಂದ ಬಂದ ಇಂಗ್ಲಿಷ್ ಹಾಳೆಲಿ ಕಾಫಿ ಸುದ್ದಿ ಇರ್ಲಿಲ್ಲ. "ಕಾಫಿ, ಟೀ ಕೂಡ ಮಾತ್ರೆ ಆದ ಮೇಲೇ" ಅನ್ನೋ ಒಂದು ಸಾಲು ಸೇರಿಸೋಕೆ ಮೂರು ವಾರ ಮೇಲ್ ಓಡಾಡಿದ್ದು, ಆದ್ರೂ ಸೇರ್ತು.

ಸೋಷಿಯಲ್ ಮೀಡಿಯಾ ನೋಡ್ಕೊಳ್ಳೋದು ಸುಲಭ ಅಲ್ವಾ?

ಕಾಮೆಂಟಲ್ಲಿ ಯಾರೋ "ನಿಮ್ಮ ಸಿರಪ್ ಕುಡಿದು ಮೈಯೆಲ್ಲ ದದ್ದು ಬಂತು" ಅಂತ ಬರೆದ್ರೆ ಬೇರೆ ಏಜೆನ್ಸಿಲಿ ಸಾರಿ ಅಂತ ಹಾಕಿ ಮುಂದೆ ಹೋಗ್ತಾರೆ. ಇಲ್ಲಿ ಅದು ಅಡ್ವರ್ಸ್ ಇವೆಂಟು, ಅಂದ್ರೆ ಔಷಧಿ ತಗೊಂಡ ಮೇಲೆ ಆದ ತೊಂದರೆ. ಸಾಮಾನ್ಯವಾಗಿ 24 ಗಂಟೆಯೊಳಗೆ ಕಂಪನಿಯ ಸೇಫ್ಟಿ ಟೀಮಿಗೆ ಸ್ಕ್ರೀನ್‌ಶಾಟ್ ಸಮೇತ ಹೋಗಬೇಕು, ಭಾನುವಾರನೂ. ಕಾಮೆಂಟ್ ಡಿಲೀಟ್ ಮಾಡಿದ್ರೆ ಕೆಲಸ ಹೋಗತ್ತೆ. ಅಂದಹಾಗೆ ಯಾರಿಗಾದ್ರೂ ಔಷಧಿಯಿಂದ ತೊಂದರೆ ಆದ್ರೆ ಸರ್ಕಾರದ ಫಾರ್ಮಕೋವಿಜಿಲೆನ್ಸ್ (ಔಷಧಿ ಸುರಕ್ಷತೆ ಮೇಲೆ ನಿಗಾ) ಸಹಾಯವಾಣಿ ಇದೆ, 1800-180-3024, ಪೇಷೆಂಟೇ ನೇರವಾಗಿ ಹೇಳಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಕೆಲಸದ ಟೈಮು? ರಾತ್ರಿ ಎಲ್ಲಾ ಕೂರಬೇಕಾ?

ಸೈಕಲ್ ಮೀಟಿಂಗ್ ಅಂತ ಇರತ್ತೆ, ಕಂಪನಿಯವರು ರೆಪ್‌ಗಳನ್ನೆಲ್ಲ ಸೇರಿಸಿ ಮುಂದಿನ ಒಂದೆರಡು ತಿಂಗಳು ಏನು ಹೇಳಬೇಕು ಅಂತ ಕಲಿಸೋದು. ಅದಕ್ಕೆ ಮುಂಚಿನ ವಾರ ರಾತ್ರಿ ಹನ್ನೊಂದು ಮಾಮೂಲು. ಮಿಕ್ಕ ದಿನ ಏಳಕ್ಕೆ ಹೊರಡಬಹುದು. ಕ್ಯಾಲೆಂಡರ್ ಪೂರ್ತಿ ಕಾಯಿಲೆ ದಿನಗಳೇ, ಮಾರ್ಚ್ 24 ಕ್ಷಯ, ಸೆಪ್ಟೆಂಬರ್ 29 ಹೃದಯ, ನವೆಂಬರ್ 14 ಮಕ್ಕಳ ದಿನ ಅಂತ ನೀವು ಅನ್ಕೊಂಡಿರೋದು ನಮಗೆ ಮಧುಮೇಹ ದಿನ.

ಸೇರೋಕೆ ಏನು ಓದಿರಬೇಕು? ಇಂಟರ್‌ವ್ಯೂಲಿ ಏನು ಕೇಳ್ತಾರೆ?

ಮೆಡಿಕಲ್ ರೈಟಿಂಗಿಗೆ ಫಾರ್ಮಸಿ, ಬಯೋಟೆಕ್, ಮೈಕ್ರೋಬಯಾಲಜಿ, ಡೆಂಟಲ್, ನರ್ಸಿಂಗ್ ಯಾವುದಾದ್ರೂ ನಡೆಯತ್ತೆ. ಕಾಪಿಗೆ, ಆರ್ಟಿಗೆ ಸೈನ್ಸ್ ಬೇಕಾಗಿಲ್ಲ, ಆದ್ರೆ ಹೃದಯದ ಚಿತ್ರ ಬರೆಯುವಾಗ ಎಡಬಲ ಉಲ್ಟಾ ಆಗಬಾರದು. ಸಾಮಾನ್ಯವಾಗಿ ಒಂದು ರಿಸರ್ಚ್ ಪೇಪರ್ ಕೊಟ್ಟು ಎರಡು ಗಂಟೆಲಿ ಒಂದು ಪುಟದ ಎಲ್‌ಬಿಎಲ್ ಮಾಡಿ ಅಂತಾರೆ. ನಾನು ತಗೊಂಡಾಗ ಹೆಡ್‌ಲೈನ್ ಆಮೇಲೆ ನೋಡ್ತೀನಿ, ಮೊದಲು ನೋಡೋದು ಪೇಪರಲ್ಲಿದ್ದ ಸೈಡ್ ಎಫೆಕ್ಟ್ ಟೇಬಲ್ ಕಡೆ ಕಣ್ಣು ಹಾಕಿದಾನಾ ಅಂತ.

ಬೆಂಗಳೂರಲ್ಲೇ ಸಿಗತ್ತಾ? ಸಂಬಳ?

ಫಾರ್ಮಾ ಹೆಡ್ ಆಫೀಸುಗಳು ಜಾಸ್ತಿ ಇರೋದು ಮುಂಬೈಲಿ, ಹಾಗಾಗಿ ಏಜೆನ್ಸಿಗಳೂ ಅಲ್ಲೇ ಹೆಚ್ಚು. ಅಹಮದಾಬಾದ್, ಹೈದರಾಬಾದಲ್ಲೂ ಇವೆ. ಬೆಂಗಳೂರಲ್ಲಿ ಮೈಕ್ರೋ ಲ್ಯಾಬ್ಸ್, ಹಿಮಾಲಯ, ಬಯೋಕಾನ್ ಥರ ಕಂಪನಿಗಳು, ದೊಡ್ಡ ಆಸ್ಪತ್ರೆಗಳು, ಹೆಲ್ತ್ ಆ್ಯಪ್ ಮಾಡೋ ಸ್ಟಾರ್ಟಪ್‌ಗಳು ಇರೋದ್ರಿಂದ ಕೆಲಸಕ್ಕೇನು ಬರ ಇಲ್ಲ. ಸಂಬಳ ಶುರುಲಿ ಐಟಿ ಫ್ರೆಂಡ್ಸ್ ಮುಂದೆ ಹೇಳ್ಕೊಳ್ಳೋ ಹಾಗಿರಲ್ಲ, ಐದಾರು ವರ್ಷ ಆದ್ಮೇಲೆ ಪರವಾಗಿಲ್ಲ, ಆಗ ಕಂಪನಿ ಕಡೆಗೇ ಜಿಗಿಯೋರು ಜಾಸ್ತಿ.

ಎಐ ಬಂದ್ಮೇಲೆ ನಿಮ್ಮ ಕೆಲಸ ಇರತ್ತಾ?

ಡ್ರಾಫ್ಟು ಬೇಗ ಆಗತ್ತೆ, ನಾವೂ ಬಳಸ್ತೀವಿ. ಆದ್ರೆ ರೆಫರೆನ್ಸ್ ಕೇಳಿದ್ರೆ ಇಲ್ಲದ ಪೇಪರಿನ ಹೆಸರನ್ನ ಪುಟದ ಸಂಖ್ಯೆ ಸಮೇತ ಕೊಡೋ ಅಭ್ಯಾಸ ಅದಕ್ಕಿದೆ, ಹಾಗಾಗಿ ಒಂದೊಂದನ್ನೂ ತೆಗೆದು ಓದೋ ಕೆಲಸ ನಮಗೇ ಉಳಿದಿದೆ.

ಪ್ರಶಸ್ತಿ ಗಿಶಸ್ತಿ ಬರತ್ತಾ?

ಫ್ರಾನ್ಸಿನ ಕಾನ್‌ನಲ್ಲಿ ನಡೆಯೋ ಜಾಹೀರಾತು ಹಬ್ಬದಲ್ಲಿ ಆರೋಗ್ಯಕ್ಕೆ ಅಂತಲೇ ಲಯನ್ಸ್ ಹೆಲ್ತ್ 2014ರಿಂದ ಇದೆ. ನನಗೆ ಅದರಲ್ಲಿ ಮರೆಯೋಕಾಗದೇ ಇರೋದು 2017ರಲ್ಲಿ ಗ್ರ್ಯಾಂಡ್ ಪ್ರೀ ಫಾರ್ ಗುಡ್ ಗೆದ್ದ ಇಮ್ಯುನಿಟಿ ಚಾರ್ಮ್. ಮೆಕ್‌ಕ್ಯಾನ್ ಹೆಲ್ತ್‌ನ ಭಾರತದ ಟೀಮು ಅಫ್ಘಾನಿಸ್ತಾನದ ಆರೋಗ್ಯ ಸಚಿವಾಲಯಕ್ಕೆ ಮಾಡಿದ್ದು. ಅಲ್ಲೂ ನಮ್ಮಲ್ಲಿ ಥರಾನೇ ಮಗುವಿನ ಕೈಗೆ ದೃಷ್ಟಿಮಣಿ ಕಟ್ತಾರೆ, ಅದೇ ಮಣಿಸರಕ್ಕೆ ಒಂದೊಂದು ಲಸಿಕೆಗೆ ಒಂದೊಂದು ಬಣ್ಣದ ಮಣಿ ಸೇರಿಸ್ತಾ ಹೋಗೋದು, ಕಾರ್ಡ್ ಕಳೆದುಹೋದ್ರೂ ಕೈ ನೋಡಿದ್ರೆ ಯಾವ ಲಸಿಕೆ ಆಗಿದೆ ಅಂತ ಡಾಕ್ಟರಿಗೆ ಗೊತ್ತಾಗತ್ತೆ. ತಾಯಂದಿರ ನಂಬಿಕೆನ ಅಲ್ಲಗಳೀದೆ ಅದರ ಮೇಲೇ ಕಟ್ಟಿದ್ದು. ಹೆಡ್‌ಲೈನೇ ಇಲ್ಲದ ಆ್ಯಡ್, ಹೊಟ್ಟೆಕಿಚ್ಚು ಆಗತ್ತೆ.

ಔಷಧಿ ಮಾರೋಕೆ ಸಹಾಯ ಮಾಡೋದು ಮನಸ್ಸಿಗೆ ಕಿರಿಕಿರಿ ಅನ್ಸಲ್ವಾ?

ಅನ್ಸತ್ತೆ, ಕೆಲವು ದಿನ. ಒಂದೇ ಮಾಲಿಕ್ಯೂಲಿನ ಇಪ್ಪತ್ತನೇ ಬ್ರ್ಯಾಂಡಿಗೆ "ಯಾಕೆ ಇದೇ" ಅಂತ ಬರೆಯುವಾಗ ನಿಜವಾಗ್ಲೂ ಹೇಳೋಕೆ ಏನೂ ಇರಲ್ಲ, ಬೆಲೆ ಕಮ್ಮಿ ಇದ್ರೆ ಅದನ್ನೇ ದೊಡ್ಡದಾಗಿ ಬರೀತೀವಿ, ಅದೂ ಇಲ್ದಿದ್ರೆ ಡಿಸೈನ್ ಮೇಲೆ ಭಾರ ಹಾಕ್ತೀವಿ. ಆದ್ರೆ ಡಾಕ್ಟರ್ ಕೈಗೆ ಹೋಗೋ ಪುಟದಲ್ಲಿ ಲೆಕ್ಕ ಸರಿಯಾಗಿರಬೇಕು, ಗ್ರಾಫ್ ಸೊನ್ನೆಯಿಂದ ಶುರುವಾಗಬೇಕು ಅಂತ ಒಳಗೆ ಕೂತು ಜಗಳ ಆಡೋರು ಬೇಕು. ಈ ಕೆಲಸಕ್ಕೆ ಬರೋರಿಗೆ ಆ ಜಗಳ ಆಡೋ ಮನಸ್ಸಿಲ್ಲ ಅಂದ್ರೆ ಬಿಸ್ಕೆಟ್ ಆ್ಯಡೇ ವಾಸಿ, ಅದರಲ್ಲಿ ತಪ್ಪು ಬರೆದ್ರೆ ಯಾರಿಗೂ ಏನೂ ಆಗಲ್ಲ.

ಮನೇಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಯಾವ ಮಾತ್ರೆ ಅಂತ ನಿಮ್ಮನ್ನ ಕೇಳಬಹುದಾ?

ಬೇಡ. ಕೇಳ್ತಾರೆ ಎಲ್ಲರೂ, ಫೋಟೋ ಕಳಿಸ್ತಾರೆ, "ನೀನು ಅದೇ ಲೈನಲ್ಲಿ ಇದೀಯಲ್ಲಪ್ಪ" ಅಂತಾರೆ. ಡಾಕ್ಟರ್ ಹತ್ರ ಹೋಗಿ. ನಾನು ಹೇಳಬಹುದಾದ್ದು ಇಷ್ಟೇ: ಚೀಟಿಲಿ ಬರೆದಿರೋ ಬ್ರ್ಯಾಂಡಿನ ಒಳಗೆ ಯಾವ ಮಾಲಿಕ್ಯೂಲ್ ಇದೆ, ಎಷ್ಟು ಮಿಲಿಗ್ರಾಂ ಇದೆ ಅಂತ ಮಾತ್ರೆ ಸ್ಟ್ರಿಪ್ ಮೇಲೆ ಓದ್ಕೊಳ್ಳಿ, ಅದೇ ಮಾತ್ರೆ ಜನೌಷಧಿ ಕೇಂದ್ರದಲ್ಲಿ ಕಮ್ಮಿ ಬೆಲೆಗೆ ಸಿಗತ್ತಾ, ಬದಲಾಯಿಸಬಹುದಾ ಅಂತ ಡಾಕ್ಟರನ್ನೇ ಕೇಳಿ. ಕೇಳೋಕೆ ಸಂಕೋಚ ಬೇಡ.